ಗೋಡೆಯೊಳಗೆ ಓರೆ ವೈರು

ಟಿವಿ ಮನೆಗೆ ಬಂದದ್ದು ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ. ಬಂದ ಅರ್ಧ ಗಂಟೆಯೊಳಗೆ ಮೊದಲ ತಟ್ಟೆ ಗೋಡೆಗೆ ಬಡಿಯಿತು.

ಸೊಸೆ ಕೆಲಸ ಮಾಡುವ ದೊಡ್ಡ ಅಂಗಡಿಗೆ ಹತ್ತು ವರ್ಷ ತುಂಬಿತ್ತು. ಆ ಖುಷಿಗೆ ಕೆಲಸಗಾರರ ಹೆಸರನ್ನೆಲ್ಲ ಡಬ್ಬಿಯೊಂದಕ್ಕೆ ತುಂಬಿ ಚೀಟಿ ಎತ್ತಿದ್ದರು. ದಿನಕ್ಕೆ ಒಂಬತ್ತು ಗಂಟೆ ಬಿಲ್ಲಿನ ಕೌಂಟರಿನಲ್ಲಿ ನಿಂತು ಕಾಲು ಊದಿಸಿಕೊಳ್ಳುವುದೊಂದನ್ನು ಬಿಟ್ಟು ಆ ಅಂಗಡಿಯಿಂದ ಹೆಚ್ಚಿಗೆ ಏನನ್ನೂ ಕಾಣದಿದ್ದ ಸೊಸೆಯ ಹೆಸರೇ ಬಂದುಬಿಟ್ಟಿತು. ಗೋಡೆಗೆ ಹಾಕುವ ತೆಳ್ಳನೆಯ ಟಿವಿ, ಐವತ್ತು ಇಂಚಿನದು. ಅವಳೂ ಅವಳ ಗಂಡನೂ ಆಚೆ ಈಚೆ ಹಿಡಿದು, ಬಾಗಿಲಿಗೆ ತಾಗಿಸದಂತೆ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ನಡುಮನೆಗೆ ತಂದರು. ಸೊಸೆಯ ಮುಖ ಆಗ ನೋಡಬೇಕಿತ್ತು. ಮದುವೆಯ ದಿನವೂ ಅವಳು ಅಷ್ಟು ನಕ್ಕಿರಲಿಲ್ಲ.

"ಈ ಗೋಡೆಗೆ ಹಾಕೋಣ," ಅಂದಳು ಅವಳು, ಬೀದಿಬಾಗಿಲ ಪಕ್ಕದ ಉದ್ದ ಗೋಡೆಗೆ ಅಂಗೈ ಹಚ್ಚಿ. "ಅಂಗಡೀಲಿ ತೋರಿಸೋಕೆ ಹಾಕಿರ್ತಾರಲ್ಲ, ಥೇಟ್ ಹಾಗೇ. ಒಂದು ವೈರೂ ಕಣ್ಣಿಗೆ ಬೀಳಬಾರದು. ಎಲ್ಲ ಗೋಡೆ ಒಳಗೇ ಹೋಗಬೇಕು."

"ಆ ಗೋಡೆ ಮುಟ್ಟಬೇಡಿ," ಅಂದ ಮಾವ, ತುತ್ತು ಬಾಯಿಗಿಡುತ್ತಲೇ.

ಮಾವ ಎಂದರೆ ನಲವತ್ತು ವರ್ಷ ಊರಿಗೆಲ್ಲ ವೈರಿಂಗ್ ಮಾಡಿದ ಮೇಸ್ತ್ರಿ. ಬೀದಿಯವರು ಅವನಿಗಿಟ್ಟಿದ್ದ ಹೆಸರು ತೂಗುಗುಂಡು. ಗೋಡೆಯ ನೇರ ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡೊಂದು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ವೈರು ಹೋದರೆ ನೇರ ಮೇಲಕ್ಕೆ, ಇಲ್ಲವೇ ನೇರ ಅಡ್ಡಕ್ಕೆ. ಮೂರನೆಯ ದಾರಿಯೊಂದಿದೆ ಅಂದವನ ಜೊತೆ ಅವನು ಮಾತೇ ಬಿಡುತ್ತಿದ್ದ. ಈಗ ಮಂಡಿ ನೋವಿಗೆ ಕೆಲಸ ಬಿಟ್ಟು ಎರಡು ವರ್ಷ. ಕೆಲಸ ಬಿಟ್ಟರೂ ಮೂಗಿನ ತುದಿಯ ಕೋಪ ಬಿಟ್ಟಿರಲಿಲ್ಲ.

"ಯಾಕೆ ಮುಟ್ಟಬಾರದು?" ಅಂದ ಮಗ. ಅವನು ಗೇಟು, ಕಿಟಕಿ ಸರಳು ಮಾಡುವ ಶೆಡ್ಡಿನಲ್ಲಿ ವೆಲ್ಡರ್. ಕೋಪದ ವಿಷಯದಲ್ಲಿ ಅಪ್ಪನ ಮಗನೇ, ಅನುಮಾನ ಬೇಡ.

"ಬೇಡ ಅಂದ್ಮೇಲೆ ಬೇಡ."

"ಕಾರಣ ಹೇಳಪ್ಪ."

"ನನ್ನ ಗೋಡೆ. ನಾನು ಕಟ್ಸಿದ್ದು. ಸಾಲದಾ?"

"ನಿನ್ನ ಗೋಡೆ ಒಳಗೆ ನಾನು ದುಡಿದು ತಂದ ಅನ್ನ ತಿನ್ನುವಾಗ ನಿನ್ನದು ನನ್ನದು ಅಂತ ಇರಲ್ಲ ಅಲ್ವಾ?"

ತಟ್ಟೆ ಹಾರಿದ್ದು ಆಗ. ಮಗ ತಲೆ ತಗ್ಗಿಸಿದ, ಅದು ಹಿಂದಿನ ಗೋಡೆಗೆ ಬಡಿದು ಅನ್ನವೆಲ್ಲ ಟಿವಿ ಪೆಟ್ಟಿಗೆಯ ಮೇಲೆ ಚೆಲ್ಲಿತು. ಸೊಸೆ ಚೀರಿದಳು. ಮಗ ಎದ್ದು ಅಪ್ಪನ ಮುಂದಿದ್ದ ನೀರಿನ ಚೊಂಬನ್ನು ಒದ್ದ. ಮೇಸ್ತ್ರಿಯ ಹೆಂಡತಿ ಬಟ್ಟೆ ತಂದು ನೆಲ ಒರೆಸಲು ಕೂತಳು. ಮೂವತ್ತಮೂರು ವರ್ಷದಲ್ಲಿ ಆಕೆ ಒರೆಸಿದ ನೆಲ ಒಟ್ಟು ಹಾಕಿದರೆ ಒಂದು ಊರಾಗುತ್ತಿತ್ತು.

ಗಂಡ ಬೇಡ ಅನ್ನುವುದಕ್ಕೆ ಕಾರಣ ಏನೆಂದು ಅವನನ್ನು ಬಿಟ್ಟರೆ ಆಕೆಗೊಬ್ಬಳಿಗೇ ಗೊತ್ತಿತ್ತು.

ಮನೆ ಕಟ್ಟಿ ಇಪ್ಪತ್ತಾರು ವರ್ಷ. ಬೀದಿಬಾಗಿಲ ಪಕ್ಕದ ಮೇನ್ ಬೋರ್ಡಿನಿಂದ ಒಳಕೋಣೆಯ ಬೋರ್ಡಿಗೆ ದಪ್ಪ ವೈರೊಂದು ಹೋಗಬೇಕಿತ್ತು. ಕ್ರಮವೆಂದರೆ ಬೋರ್ಡಿನಿಂದ ನೇರ ಮೇಲೆ ಹೋಗಿ, ಸೂರಿನ ಕೆಳಗೆ ನೇರ ಅಡ್ಡ ಹಾಯಬೇಕು. ಮಾರನೆಯ ಬೆಳಿಗ್ಗೆ ಗಾರೆಯವರು ಬರುವವರು, ಅಂಗಡಿಗಳಿಗೆ ರಜೆ, ನೋಡಿದರೆ ವೈರು ಮೂರು ಮೊಳ ಕಡಿಮೆ. ಊರಿಗೆಲ್ಲ ನೇರದ ಪಾಠ ಹೇಳುವ ಮನುಷ್ಯ ತನ್ನ ಮನೆಯ ಗೋಡೆಯಲ್ಲಿ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಓರೆಯಾಗಿ ಕಾಲುವೆ ಕೊರೆದ. ಪೈಪು ಕೂಡ ಹಾಕದೆ ಬರೀ ವೈರನ್ನು ಅದರಲ್ಲಿ ಹೂತ. ಇನ್ನೊಂದು ತುದಿ ಹಿಡಿದು ನಿಂತವಳು ಹೆಂಡತಿ. "ಇದು ಆಚೆ ಬಂದ್ರೆ ನಿನ್ನ ನಾಲಿಗೆ ಕೀಳ್ತೀನಿ," ಅಂದಿದ್ದ. ನಾಲಿಗೆ ಕೀಳುವವನೇ ಅವನು, ಆಕೆಗೆ ಗೊತ್ತು. ಬಾಯಿಗೆ ಬೀಗ ಹಾಕಿಕೊಂಡಳು. ಗಾರೆ ಬಿತ್ತು, ಸುಣ್ಣ ಬಿತ್ತು, ಬಣ್ಣ ಬಿತ್ತು. ಮನೆಯ ಒಂದು ದೀಪ ಉರಿಯದಿದ್ದರೂ, ಒಂದು ಫ್ಯಾನು ತಿರುಗದಿದ್ದರೂ ಆ ವೈರಿನಲ್ಲಿ ಕರೆಂಟು ಇದ್ದೇ ಇರುತ್ತಿತ್ತು.

ಈಗ ಮಗ ಆ ಗೋಡೆಯ ನಟ್ಟನಡುವೆ ನಾಲ್ಕು ತೂತು ಕೊರೆಯಬೇಕು ಅನ್ನುತ್ತಿದ್ದಾನೆ.

ಮೊದಲ ವಾರ ಟಿವಿ ಗೋಡೆಗೆ ಒರಗಿಕೊಂಡು, ಹಳೆಯ ಹಾಸಿಗೆ ಬಟ್ಟೆ ಹೊದ್ದು ನಿಂತಿತು. ಬಚ್ಚಲಿಗೆ ಹೋಗುವವರು ಅದನ್ನು ಸುತ್ತಿಕೊಂಡು ಹೋಗಬೇಕು, ಬರುವವರು ಸುತ್ತಿಕೊಂಡು ಬರಬೇಕು. ಪಕ್ಕದ ಬೀದಿಯ ದರ್ಜಿಗೆ ಗುಂಡಿ ಹೊಲಿದುಕೊಡುವುದು ಮನೆಯಾಕೆಯ ಕೆಲಸ. ಕಿಟಕಿಯ ಕೆಳಗೆ ಕೂತು ಅಂಗಿಯಿಂದ ಅಂಗಿಗೆ ಸೂಜಿ ಓಡಿಸುತ್ತ, ಸೊಸೆ ಕೆಲಸದಿಂದ ಬಂದೊಡನೆ ಮೆಲ್ಲಗೆ ಮಾತು ತೆಗೆದಳು.

"ಒಂದು ಮೇಜಿನ ಮೇಲೆ ಇಟ್ಟರೆ ಆಗಲ್ವೇನೇ? ಕಿಟಕಿ ಪಕ್ಕ ಜಾಗ ಇದೆ."

"ಬಿಸಿಲು ಬಿದ್ರೆ ಏನೂ ಕಾಣಲ್ಲ ಅತ್ತೆ."

"ಅಡುಗೆಮನೆ ಕಡೆ ಗೋಡೆ?"

"ಅಲ್ಲಿ ಬೀರು ಇದೆ. ಬೀರು ತಗೊಂಡು ಹೋಗಿ ಬೀದೀಲಿ ಇಡೋಣ್ವಾ?" ಸೊಸೆ ಚಪ್ಪಲಿ ಮೂಲೆಗೆಸೆದು ನೆಲದಲ್ಲೇ ಕೂತು ಮೀನಖಂಡ ಒತ್ತಿಕೊಂಡಳು. "ನೀವೂ ಮಾವನ ಕಡೆನೇ ಆಗ್ಬಿಟ್ರಾ? ಈ ಮನೆಗೆ ಬಂದು ಏಳು ವರ್ಷ. ಒಂದು ಮೊಳೆ ಹೊಡಿಬೇಕಾದ್ರೂ ಆ ಮನುಷ್ಯನ ಮುಖ ನೋಡಬೇಕು. ಒಂದೇ ಒಂದು ವಸ್ತು ನನ್ನ ಹೆಸರಲ್ಲಿ ಬಂದಿದೆ. ಅದನ್ನ ಹೆಣದ ಹಾಗೆ ಬಟ್ಟೆ ಮುಚ್ಚಿ ಇಟ್ಟಿದ್ದೀವಿ."

ಆಕೆ ಸೂಜಿಗೆ ಹೊಸ ದಾರ ಪೋಣಿಸಿದಳು. ಹೇಳಬೇಕಾದದ್ದು ಹೇಳಲಾಗದೆ, ಹೇಳಿದ್ದೆಲ್ಲ ಸುಳ್ಳಿನಂತೆ ಕೇಳುತ್ತಿತ್ತು.

ಬುಧವಾರ ಟಿವಿಯ ಜೊತೆ ಬಂದ ಕಬ್ಬಿಣದ ಚೌಕಟ್ಟು ಕಾಣೆಯಾಯಿತು. ಗೋಡೆಗೆ ಅದನ್ನೇ ಮೊದಲು ಬಿಗಿದು ಟಿವಿಯನ್ನು ಅದಕ್ಕೆ ನೇತುಹಾಕಬೇಕು. ಮನೆಯೆಲ್ಲ ಜಾಲಾಡಿದರು. ಗುರುವಾರ ಬಚ್ಚಲ ಮೇಲಿನ ನೀರಿನ ತೊಟ್ಟಿಗೆ ಕೈ ಹಾಕಿದ ಮಗ, ತುಕ್ಕು ಹಿಡಿಯಲು ಶುರುವಾಗಿದ್ದ ಚೌಕಟ್ಟನ್ನು ಎಳೆದು ತೆಗೆದ. ಮಂಡಿ ನೋವಿನ ಮುದುಕ ಅಲ್ಲಿಯ ತನಕ ಹೇಗೆ ಹತ್ತಿದ್ದನೋ ಅವನಿಗೇ ಗೊತ್ತು.

ಮಗ ನೇರ ಒಳಗೆ ಹೋದ. ಮಂಚದ ಕೆಳಗಿದ್ದ ಅಪ್ಪನ ಸಾಮಾನಿನ ಪೆಟ್ಟಿಗೆಯನ್ನು ಎಳೆದು, ಬೀದಿಗೊಯ್ದು, ಮೋರಿಯ ಮೇಲೆ ಕವುಚಿದ. ಇಕ್ಕಳ, ಟೆಸ್ಟರು, ಉಳಿ, ನಲವತ್ತು ವರ್ಷ ಆ ಕೈಯಲ್ಲಿ ಸವೆದ ಸುತ್ತಿಗೆ ಒಂದೊಂದಾಗಿ ಕೊಚ್ಚೆಗೆ ಇಳಿದವು. ಮುದುಕ ಬಾಗಿಲಿಗೆ ಬಂದು ನೋಡಿದ. ಒಂದು ಕ್ಷಣ ಅವನ ಮುಖ ಮಗುವಿನಂತಾಯಿತು. ಮರುಕ್ಷಣ ಮೆಟ್ಟಿಲ ಬಳಿ ಬಿದ್ದಿದ್ದ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡು ಮಗನ ಮೇಲೆ ಬಿದ್ದ.

"ನನ್ನ ಕೈ ಕತ್ತರಿಸಿದಂಗೆ ಕಣೋ! ನನ್ನ ಕೈ ಕತ್ತರಿಸಿದಂಗೆ!"

ಹೊಟ್ಟೆಗೆ ಬರುತ್ತಿದ್ದ ಮೊನೆಯನ್ನು ಮಗ ಅಂಗೈಯಿಂದ ತಡೆದ. ಅಂಗೈ ಸೀಳಿ ರಕ್ತ ಮೊಣಕೈವರೆಗೆ ಹರಿಯಿತು. ಇನ್ನೊಂದು ಕೈಯಿಂದ ಅಪ್ಪನ ಕುತ್ತಿಗೆ ಹಿಡಿದು ಕಾಂಪೌಂಡಿಗೆ ಒತ್ತಿದ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು. ಬಿಡಿಸಲು ಬಂದವನು ದರ್ಜಿ ಒಬ್ಬನೇ, ಅವನಿಗೂ ದವಡೆಗೊಂದು ಬಿತ್ತು. ಯಾರು ಕೊಟ್ಟದ್ದೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಆಕೆ ಗಂಡನ ಕುತ್ತಿಗೆಯ ಬಾವಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ ಕೇಳಿದಳು.

"ಹೇಳಿಬಿಡಿ ರೀ."

"ಏನನ್ನ?"

"ಅದೇ. ವೈರು ಓರೆ ಇದೆ ಅಂತ. ಒಂದು ಮಾತು. ಅವನು ನಾಲ್ಕು ದಿನ ನಗ್ತಾನೆ, ಐದನೇ ದಿನ ಮರೀತಾನೆ."

"ನಗ್ತಾನೆ," ಅಂದ ಮೇಸ್ತ್ರಿ. "ಯಾವ ಮುಖ ಇಟ್ಕೊಂಡು ಹೇಳಲಿ? ಆ ಕಿಟಕಿ ಪಕ್ಕ ಒಂದು ಗೇಣು ಓರೆ ಎಳೆದ ಅಂತ ಅವನಿಗೆ ನಾನೇನು ಮಾಡಿದೆ, ನಿನಗೆ ನೆನಪಿಲ್ವಾ?"

ನೆನಪಿಲ್ಲದೆ ಏನು. ಶಾಲೆ ಬಿಡಿಸಿ ಮಗನನ್ನು ಕೆಲಸಕ್ಕೆ ಕರೆದೊಯ್ದಾಗ ಅವನಿಗೆ ಹದಿನಾಲ್ಕು. ಯಾರದೋ ಮನೆಯ ಕಿಟಕಿಯ ಪಕ್ಕ ಗೇಣುದ್ದ ವೈರನ್ನು ಓರೆಗೆ ಒಯ್ದಿದ್ದ. ಅಪ್ಪ ಅವನನ್ನು ಮನೆಗೆ ಎಳೆತಂದು, ಇದೇ ನಡುಮನೆಯಲ್ಲಿ ನಿಲ್ಲಿಸಿ, ದಪ್ಪ ವೈರನ್ನು ಎರಡು ಮಡಿಸಿಕೊಂಡು ಹೊಡೆದಿದ್ದ. ಮುಖಕ್ಕೆ ಬೀಳದಿರಲೆಂದು ಅಡ್ಡ ತಂದ ಎಡಮೊಣಕೈ ಬಿರುಕು ಬಿಟ್ಟಿತ್ತು. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

"ಅವನು ತೂತು ಹೊಡೆದು ಸತ್ತುಹೋದ್ರೆ?" ಅಂದಳು ಆಕೆ.

"ಹೊಡೆಯೋಕೆ ನಾನು ಬಿಟ್ರೆ ತಾನೆ."

"ಬಿಡದೆ ಏನ್ ಮಾಡ್ತೀರ? ನಿನ್ನೆ ಏನಾಯ್ತು? ನೀವು ಹೇಳ್ದಿದ್ರೆ ನಾನು—"

ಮಾತು ಮುಗಿಯಲಿಲ್ಲ. ಬಿಸಿಬಟ್ಟೆ ಹಿಡಿದಿದ್ದ ಕೈಯನ್ನು ಮುದುಕ ಹಿಡಿದು ತಿರುಚಿದ. ಮಣಿಕಟ್ಟಿನಲ್ಲಿ ಏನೋ ಕಟಕ್ಕೆಂದಿತು. ಆಕೆ ಕಿರುಚಲಿಲ್ಲ, ಅಭ್ಯಾಸ. ಮುಂದಿನ ವಾರವೆಲ್ಲ ಗುಂಡಿಗಳನ್ನು ಎಡಗೈಯಲ್ಲಿ ಹೊಲಿದಳು. ದರ್ಜಿ ಹೊಲಿಗೆ ನೋಡಿ, ಆಕೆಯ ಕೈ ನೋಡಿ, ಊದಿದ ತನ್ನ ದವಡೆ ಸವರಿಕೊಂಡ.

ಆದರೂ ಆಕೆ ಹೇಳಿದಳು. ಗಂಡನ ಭಯ ಒಂದು ಕಡೆ, ಹೊತ್ತು ಹೆತ್ತ ಮಗನ ಜೀವ ಒಂದು ಕಡೆ. ಮೂರನೆಯ ವಾರದ ಒಂದು ಬೆಳಿಗ್ಗೆ ಮುದುಕ ಬಚ್ಚಲಲ್ಲಿದ್ದಾಗ, ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದ ಮಗನ ಎದುರು ಕೂತು ಪಿಸುಗುಟ್ಟಿದಳು.

"ಆ ಗೋಡೇಲಿ ವೈರು ಓರೆ ಹೋಗಿದೆ ಕಣೋ. ಬೋರ್ಡಿಂದ ಆ ಮೂಲೆಗೆ."

ಮಗ ಅಗಿಯುವುದನ್ನು ನಿಲ್ಲಿಸಿ ತಾಯಿಯನ್ನು ನೋಡಿದ. ಆಮೇಲೆ ನಗು ಶುರುವಾಯಿತು, ಕೆಮ್ಮು ಬರುವಷ್ಟು.

"ಅಪ್ಪ ಹೇಳಿಕೊಟ್ನಾ? ಏನಮ್ಮ, ಕಥೆ ಕಟ್ಟೋದಾದ್ರೆ ನಂಬೋ ಹಾಗಾದ್ರೂ ಕಟ್ಟಬೇಕು. ಆ ಮನುಷ್ಯ ಯಾರದಾದ್ರೂ ತಲೆ ಒಡೆದ ಅನ್ನು, ನಂಬ್ತೀನಿ. ಕಳ್ಳತನ ಮಾಡಿದ ಅನ್ನು, ಅದೂ ನಂಬ್ತೀನಿ. ವೈರು ಓರೆ ಎಳೆದ ಅಂದ್ರೆ?" ಮಗ ನೆಟ್ಟಗಾಗದ ಎಡಗೈಯನ್ನು ಮುಂದೆ ಚಾಚಿದ. "ನೋಡು. ಇಷ್ಟು ಕೊಟ್ಟು ಕಲಿತದ್ದು ನಾನು. ಅವನಲ್ಲಿ ನಂಬೋಂಥದ್ದು ಅದೊಂದೇ ಇದೆ. ಅದನ್ನೂ ಸುಳ್ಳು ಅನ್ನಬೇಡ."

"ನನ್ನಾಣೆಗೂ ಕಣೋ."

"ನಿನಗೆ ಅವನ ಭಯ. ಅವನು ಹೇಳು ಅಂದ್ರೆ ಸೂರ್ಯ ಚೌಕ ಅಂತಾನೂ ಹೇಳ್ತೀಯ."

"ಹಾಗಿದ್ರೆ ಮೇನ್ ಆದ್ರೂ ಆರಿಸ್ಕೊಂಡು ಮಾಡೋ."

"ಗೆರೆ ಗೊತ್ತಿರೋನು ಮೇನ್ ಆರಿಸಲ್ಲ. ಆರಿಸೋನು ಹೇಡಿ. ಯಾರ ಮಾತು ಹೇಳು?" ಮಗ ಎದ್ದು ಕೈ ತೊಳೆದ. "ಹೊಡೆದ್ನೋ ಬಡಿದ್ನೋ, ಕೆಲಸ ಕಲಿಸಿದ್ದಾನೆ."

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಸಂಜೆ ಚಹಾ ಕುಡಿಯುವಾಗ ಮಗನಿಗೆ ತಮಾಷೆ ಉಕ್ಕಿತು.

"ಅಪ್ಪ, ಕೇಳ್ದಾ? ನೀನು ಈ ಗೋಡೇಲಿ ವೈರು ಓರೆ ಎಳೆದಿದ್ದೀಯಂತೆ. ಅಮ್ಮ ಹೇಳ್ತಾಳೆ."

ಮುದುಕ ಲೋಟ ಹಿಡಿದವನು ಹಾಗೇ ಕೂತಿದ್ದ. ಹೂಂ ಅಂದರೆ ಮುಗಿಯಿತು. ಹೂಂ ಅನ್ನುತ್ತಾನೆ ಎಂದೇ ಆಕೆಗೆ ಒಂದು ಗಳಿಗೆ ಅನ್ನಿಸಿತು.

"ಇವಳಿಗೆ ತಲೆ ಕೆಟ್ಟಿದೆ," ಅಂದ ಮುದುಕ. ಅಂದವನೇ ಕುದಿಯುವ ಚಹಾವನ್ನು ಆಕೆಯ ಮುಖಕ್ಕೆರಚಿ, ಅದರ ಹಿಂದೆಯೇ ಲೋಟವನ್ನೂ ಬೀಸಿದ. ಲೋಟದ ಅಂಚು ಹುಬ್ಬಿನ ಮೇಲೆ ಬಿದ್ದು ಎರಡು ಅಂಗುಲ ಸೀಳಿತು.

ಮಗ ಅಪ್ಪನ ಕಾಲರ್ ಹಿಡಿದು ಎತ್ತಿದ. "ಇನ್ನೊಂದು ಸಲ ಅವಳ ಮೇಲೆ ಕೈ ಮಾಡು. ಇಲ್ಲೇ ಹೂತುಬಿಡ್ತೀನಿ."

"ಹೂಳೋ! ಹೂಳು! ಹೆಂಡ್ತಿ ಟಿವಿಗೆ ಅಪ್ಪನ್ನ ಹೂಳು!"

"ನನ್ನ ಟಿವಿ ಸುದ್ದಿ ಎತ್ತಬೇಡಿ!" ಸೊಸೆ ಅತ್ತೆಯ ಹುಬ್ಬಿಗೆ ಟವೆಲ್ ಒತ್ತಿ ಹಿಡಿದು ಅಲ್ಲಿಂದಲೇ ಕೂಗಿದಳು. "ಭಾನುವಾರ ಅದು ಗೋಡೆ ಮೇಲಿರಬೇಕು. ಇಲ್ಲಾಂದ್ರೆ ಸೋಮವಾರ ನಾನು ಈ ಮನೇಲಿರಲ್ಲ. ಕೇಳಿಸ್ತಾ ಎಲ್ಲರಿಗೂ?"

ಕೇಳಿಸಿತು. ಹುಬ್ಬಿಗೆ ಐದು ಹೊಲಿಗೆ ಬಿದ್ದವು.

ಭಾನುವಾರ ಬೆಳಿಗ್ಗೆ ಮಗ ಶೆಡ್ಡಿನಿಂದ ಬ್ಯಾಟರಿಯ ಡ್ರಿಲ್ ತಂದ. ತಾನೇ ಬೆಸೆದ ಕಬ್ಬಿಣದ ಸ್ಟೂಲನ್ನು ಗೋಡೆಗೆ ಹಾಕಿ ಬರಿಗಾಲಲ್ಲಿ ಹತ್ತಿದ. ಚೌಕಟ್ಟನ್ನು ಗೋಡೆಗೆ ಹಿಡಿದು, ಮಟ್ಟ ನೋಡಿ, ಪೆನ್ಸಿಲಿನಲ್ಲಿ ನಾಲ್ಕು ಗುರುತು ಮಾಡಿದ. ಟಿವಿಯ ಹಿಂದಿನಿಂದ ಕೆಳಗಿನ ಪ್ಲಗ್ಗಿಗೆ ಕೇಬಲ್ ಇಳಿಸಲು ಎರಡು ನೇರ ಗೆರೆ ಎಳೆದ. ಗೆರೆ ಎಳೆಯುವಾಗ ಉಸಿರು ಹಿಡಿಯುವುದು, ಎಳೆದಾದ ಮೇಲೆ ಒಂದು ಕಣ್ಣು ಮುಚ್ಚಿ ನೋಡುವುದು, ಎಲ್ಲವೂ ಥೇಟ್ ಅಪ್ಪನದೇ. ಕೆಳಗೆ ಸೊಸೆ ಚೌಕಟ್ಟು ಹಿಡಿದು ನಿಂತಿದ್ದಳು.

ಮುದುಕ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಕುತ್ತಿಗೆಯ ಬಾವು ಇಳಿದಿತ್ತು. ಕೂಗಾಟವಿಲ್ಲ, ಬೈಗುಳವಿಲ್ಲ. ಆಕೆಗೆ ಅದೇ ಹೆದರಿಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆಕೆ ಗೋಡೆಯ ಮೇಲೆ ಕಣ್ಣಲ್ಲೇ ಆ ಓರೆಗೆರೆ ಎಳೆದಳು. ಬೋರ್ಡಿನಿಂದ ಹೊರಟು, ಕೆಳಗಿನ ಎಡ ಗುರುತಿನ ಪಕ್ಕಕ್ಕೆ ಬಂದು, ಮೇಲಿನ ಬಲ ಗುರುತಿನ ಮೇಲೇ ಹಾದು ಹೋಗುತ್ತಿತ್ತು.

ಕೆಳಗಿನ ಎಡತೂತು ಮೊದಲು. ಡ್ರಿಲ್ ಗುರ್ರೆಂದಿತು, ಗಾರೆಯ ಪುಡಿ ಉದುರಿತು. ನಾಲ್ಕು ಬೆರಳಷ್ಟರಲ್ಲಿ ವೈರು ತಪ್ಪಿತು. ಆಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕೆಳಗಿನ ಬಲತೂತು ಆಯಿತು. ಮೇಲಿನ ಎಡತೂತು ಆಯಿತು. ಮಗ ಡ್ರಿಲ್ಲಿನ ತುದಿಯ ಪುಡಿಯನ್ನು ಬೆರಳಲ್ಲಿ ಒರೆಸಿ ಸ್ಟೂಲನ್ನು ಬಲಕ್ಕೆ ಸರಿಸಿ ಹತ್ತಿದ. ಹತ್ತಿದವನು ಏಕೋ ಹಿಂದಿರುಗಿ ನೋಡಿದ.

"ಅಪ್ಪ."

ಮುದುಕ ಮುಖವೆತ್ತಿದ.

"ನೇರ ತಾನೆ?" ಮಗನ ದನಿಯಲ್ಲಿ ಜಗಳವಿರಲಿಲ್ಲ. ಕೆಲಸ ಕಲಿಯುವವನು ಕಲಿಸುವವನನ್ನು ಕೇಳುವ ಹಾಗೆ ಕೇಳಿದ. "ಈ ಕಡೆ ಏನೂ ಇಲ್ಲ ತಾನೆ?"

ಗಂಡನ ತುಟಿ ಅಲುಗುವುದನ್ನು ಆಕೆ ನೋಡಿದಳು. ಹೇಳು, ಹೇಳು, ನಿನ್ನ ಕಾಲಿಗೆ ಬೀಳ್ತೀನಿ ಹೇಳು, ಎಂದು ಆಕೆಯ ಜೀವವೆಲ್ಲ ಕೂಗುತ್ತಿತ್ತು.

"ನನ್ನ ಮನೇಲಿ ಓರೆ ಅನ್ನೋದೇ ಇಲ್ಲ," ಅಂದ ಮೇಸ್ತ್ರಿ.

ಮಗ ಗೋಡೆಗೆ ತಿರುಗಿದ. ಬ್ಯಾಂಡೇಜಿನ ಅಂಗೈಯನ್ನು ಡ್ರಿಲ್ಲಿನ ಕಬ್ಬಿಣದ ಕುತ್ತಿಗೆಗೆ ಆನಿಸಿ ಮೊನೆಯನ್ನು ಗುರುತಿಗಿಟ್ಟ.

ಆಕೆ ಓಡಿದಳು. ಐವತ್ತಾರು ವರ್ಷದ ಹೆಂಗಸು ಟಿವಿಯನ್ನು ಸುತ್ತಿಕೊಂಡು, ಗಂಡನ ಕುರ್ಚಿಯನ್ನು ಎಡವಿಕೊಂಡು ಬೀದಿಬಾಗಿಲಿಗೆ ಓಡಿದಳು. ಮೇನ್ ಬೋರ್ಡನ್ನು ಆ ಮನೆಯಲ್ಲಿ ಹೆಂಗಸರು ಮುಟ್ಟುವಂತಿರಲಿಲ್ಲ. ಆಕೆ ಮುಟ್ಟಿದಳು. ಪಿಂಗಾಣಿಯ ದೊಡ್ಡ ಫ್ಯೂಸನ್ನು ನೋಯುತ್ತಿದ್ದ ಕೈಯಲ್ಲೇ ಹಿಡಿದು ಎಳೆದಳು. ಅದು ಬರಲಿಲ್ಲ. ಎರಡೂ ಕೈ ಹಾಕಿ, ಕಾಲನ್ನು ಗೋಡೆಗೆ ಒದ್ದು, ಕಿತ್ತಳು.

ಫ್ಯಾನು ನಿಧಾನವಾಯಿತು. ಅಡುಗೆಮನೆಯಲ್ಲಿ ಫ್ರಿಜ್ಜು ಸದ್ದಡಗಿತು. ಬ್ಯಾಟರಿಯ ಡ್ರಿಲ್ ಮಾತ್ರ ಗೋಡೆಯೊಳಗೆ ಗುರ್ರೆನ್ನುತ್ತಲೇ ಹೋಗಿ, ಒಮ್ಮೆ ಕಚ್ಚಿಕೊಂಡು, ನಡುಗಿ ನಿಂತಿತು.

"ಏನೋ ಸಿಕ್ತು," ಅಂದ ಮಗ. ಹಿಂದಕ್ಕೆ ಎಳೆದ. ಮೊನೆಯ ಸುತ್ತ ತಾಮ್ರದ ಎಳೆಗಳು ಸುತ್ತಿಕೊಂಡು ಆಚೆ ಬಂದವು, ಜೊತೆಗೆ ಕೆಂಪು ರಬ್ಬರಿನ ಚೂರು.

ಮಗ ತಾಮ್ರ ನೋಡಿದ. ನಿಂತ ಫ್ಯಾನು ನೋಡಿದ. ಬಾಗಿಲ ಬಳಿ ಫ್ಯೂಸನ್ನು ಎದೆಗವುಚಿಕೊಂಡ ತಾಯಿಯನ್ನು ನೋಡಿದ. ತೂತಿನಲ್ಲಿ ಬೆರಳು ಹಾಕಿ ವೈರು ಯಾವ ಕಡೆ ಹೋಗಿದೆಯೆಂದು ತಡಕಿದ. ಓರೆಗೆ ಹೋಗಿತ್ತು. ಸ್ಟೂಲಿನಿಂದ ಇಳಿದು, ಡ್ರಿಲ್ಲನ್ನು ಹೆಂಡತಿಯ ಕೈಗೆ ಕೊಟ್ಟು, ಅಪ್ಪನ ಮುಂದೆ ಬಂದು ನಿಂತ.

"ನಿನಗೆ ಗೊತ್ತಿತ್ತು."

"ಮೂರು ಮೊಳ ಕಮ್ಮಿ ಬಿತ್ತು ಕಣೋ," ಅಂದ ಮುದುಕ. ದನಿ ನೆಲಕ್ಕಿಳಿದಿತ್ತು. "ಅಂಗಡಿಗೆ ರಜೆ ಇತ್ತು. ಮೂರೇ ಮೊಳ."

"ಈಗ ನಾನು ಕೇಳಿದಾಗ ಗೊತ್ತಿತ್ತು. ನಾನು ಕೇಳ್ದೆ. ಕೇಳ್ದೆ ತಾನೆ?"

ಮುದುಕ ತಲೆ ತಗ್ಗಿಸಿದ.

ಮೊದಲ ಏಟಿಗೆ ಕುರ್ಚಿ ಸಮೇತ ಬಿದ್ದ. ಮಗ ಅವನನ್ನು ಅಂಗಿ ಹಿಡಿದು ಎತ್ತಿದ, ಗೋಡೆಗೆ ಒಯ್ದ, ಮುಖವನ್ನು ಆ ತೂತಿಗೆ ಒತ್ತಿದ. "ನೋಡು! ಒಳಗೆ ನೋಡು! ಏನಿದೆ ಹೇಳು!" ಎನ್ನುತ್ತ ಬೆನ್ನಿಗೆ, ಪಕ್ಕೆಗೆ, ಕಿವಿಯ ಮೇಲೆ ಹೊಡೆದ. ಮೂಗಿನ ರಕ್ತ ಗೋಡೆಗೆ ಹತ್ತಿತು. ಮುದುಕ ಕೈ ಅಡ್ಡ ತರಲಿಲ್ಲ. ಸೊಸೆ ಗಂಡನ ಸೊಂಟ ತಬ್ಬಿ ಎಳೆದಳು. "ಬಿಡ್ರಿ! ಸಾಯ್ತಾರೆ! ಬೇಡ, ನನಗೆ ಟಿವಿ ಬೇಡ, ಬಿಡ್ರಿ!" ಅವನು ಅವಳನ್ನು ಕೊಡವಿದ, ಅವಳು ಪೆಟ್ಟಿಗೆಯ ಮೇಲೆ ಬಿದ್ದಳು. ಒಳಗೆ ಗಾಜು ಒಡೆದ ಸದ್ದು ಎಲ್ಲರಿಗೂ ಕೇಳಿತು, ಯಾರೂ ತಿರುಗಲಿಲ್ಲ.

ಮತ್ತೆ ಎತ್ತಿದ ಕೈಯನ್ನು ಮನೆಯಾಕೆ ಹಿಡಿದಳು. ಫ್ಯೂಸು ಕೆಳಗೆ ಬಿತ್ತು. ಎರಡೂ ಕೈಯಲ್ಲಿ ತೋಳನ್ನು ಹಿಡಿದು ಜೋತುಬಿದ್ದಳು. ಮಗ ಕೊಡವಿದ ರಭಸಕ್ಕೆ ಅವನ ಮೊಣಕೈ ಆಕೆಯ ಹುಬ್ಬಿಗೆ ಬಡಿದು ಹೊಲಿಗೆ ಬಿಚ್ಚಿತು. ಆಕೆ ಬಿಡಲಿಲ್ಲ.

"ಸಾಕು," ಅಂದಳು. "ಸಾಕು ಮಗ."

ತಾಯಿಯ ಕಣ್ಣಿಗಿಳಿಯುತ್ತಿದ್ದ ರಕ್ತ ನೋಡಿ ಅವನು ನಿಂತ. ಏದುಸಿರು ಬಿಡುತ್ತ ಆಕೆಯನ್ನೇ ನೋಡಿದ. ಅವನ ಮುಖದಲ್ಲಿ ಏನೋ ಬದಲಾಯಿತು. ಲೆಕ್ಕ ತಪ್ಪಿದ ಕಡೆಯನ್ನು ಹುಡುಕುವವನ ಹಾಗೆ ಹುಬ್ಬು ಗಂಟಿಕ್ಕಿದ.

"ನೀನು ನಿಜಾನೇ ಹೇಳಿದ್ದೆ. ನಿನಗೆ ಹೇಗೆ ಗೊತ್ತಿತ್ತು?"

"ಹೂಳುವಾಗ ಆ ಕಡೆ ತುದಿ ಹಿಡಿದೋಳು ನಾನೇ."

"ಯಾವಾಗ?"

"ಮನೆ ಕಟ್ಟಿದಾಗ."

"ಆಗ ನನಗೆ ಎಷ್ಟು?"

ಆಕೆಗೆ ಅವನು ಎಲ್ಲಿಗೆ ಹೋಗುತ್ತಿದ್ದಾನೆಂದು ತಿಳಿಯಿತು. ಇಷ್ಟು ದಿನ ಗಂಡನ ಮಾನ, ಮಗನ ಜೀವ, ಎರಡರ ಲೆಕ್ಕದಲ್ಲೇ ಒದ್ದಾಡಿದವಳಿಗೆ ಇದೊಂದು ಹೊಳೆದೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಾಗಲಿಲ್ಲ.

"ಆರು."

"ಆರು," ಅಂದ ಮಗ. "ಹದಿನಾಲ್ಕಕ್ಕೆ ಇಲ್ಲಿ ನಿಲ್ಲಿಸಿ ಕೈ ಮುರಿದ. ಓರೆ ಎಳೆದೆ ಅಂತ. ನೀನೆಲ್ಲಿದ್ದೆ?"

"ಅಡುಗೆಮನೇಲಿ."

"ಕೇಳಿಸ್ತಾ ಇತ್ತಾ?"

"ಕೇಳಿಸ್ತಾ ಇತ್ತು."

"ಅವನೂ ಓರೆ ಎಳೆದಿದ್ದಾನೆ ಅಂತ ಗೊತ್ತಿತ್ತು."

"ಗೊತ್ತಿತ್ತು."

"ಏನ್ ಮಾಡ್ತಾ ಇದ್ದೆ?"

"ಅನ್ನ ಬಸೀತಾ ಇದ್ದೆ."

ಭಯವಿತ್ತು ಎನ್ನಬಹುದಿತ್ತು. ನಾಲಿಗೆ ಕೀಳ್ತೀನಿ ಅಂದಿದ್ದ ಎನ್ನಬಹುದಿತ್ತು. ಈಗ ತಾನೇ ನಿನ್ನ ಜೀವ ಉಳಿಸಿದ್ದೇನೆ ಎನ್ನಬಹುದಿತ್ತು. ಯಾವುದೂ ಸುಳ್ಳಲ್ಲ. ಆದರೆ ಆ ದಿನದ ಸದ್ದೇ ಆಕೆಯ ಕಿವಿಯಲ್ಲಿ ತುಂಬಿಕೊಂಡಿತ್ತು. ಕಾಲ ಬಳಿ ಗಂಡ ಗೋಡೆಗೊರಗಿ ಕುಸಿದು ಕೂತು, ಬಾಯಿಯಿಂದ ಹಲ್ಲೊಂದನ್ನು ಅಂಗೈಗೆ ಉಗಿದು ನೋಡುತ್ತಿದ್ದ.

"ಇವತ್ತು ಬಂದೆ," ಅಂದ ಮಗ. ಕೂಗಲಿಲ್ಲ. ಕೂಗಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. "ಇಂಥ ಮುರಿದ ಕೈಯಲ್ಲಿ ಬಂದು ಹಿಡಿದೆ. ಅವನನ್ನ ಬಿಡಿಸೋಕೆ ಬರೋಕಾಗತ್ತೆ ನಿನಗೆ. ನನ್ನ ಬಿಡಿಸೋಕೆ ಯಾಕಮ್ಮ ಬರಲಿಲ್ಲ?"

ಆಕೆ ಅವನ ತೋಳನ್ನು ಬಿಡಲಿಲ್ಲ.